ಬಂದರು ಬೀದಿಯ ಬಾಗಿಲು

“ಅಯ್ಯನವರೇ, ನಮಗೆ ಸುವಾರ್ತೆ ತಂದುಕೊಟ್ಟ ದೇಶಗಳಲ್ಲೇ ಈಗ ದೇವಾಲಯಗಳು ಬರಿದಾಗುತ್ತಿವೆಯಂತೆ. ಅಲ್ಲಿಯ ಜನರ ನಡೆನುಡಿ ಬದಲಾಗಿದೆ, ಕಾನೂನು ಬದಲಾಗಿದೆ. ಇದೆಲ್ಲ ಸೈತಾನನ ಕೆಲಸ, ಪ್ರಾರ್ಥನೆಯಿಂದ ಯುದ್ಧ ಮಾಡುವವರು ಬೇಕು ಎಂದು ಅಲ್ಲಿಯ ಒಂದು ಸಭೆಯವರು ನನ್ನನ್ನು ಕರೆದಿದ್ದಾರೆ. ನಾನು ಯಾವ ಆಯುಧ ಹಿಡಿದು ಹೋಗಲಿ?”

ವೇದಶಾಲೆಯಲ್ಲಿ ಮೂರನೆಯ ವರ್ಷ ಓದುತ್ತಿದ್ದ ಜಯಶೀಲ ಹೀಗೆ ಕೇಳಿದ. ಅವನ ಕೈಯಲ್ಲಿ ಒಂದು ಹಾಳೆ ಇತ್ತು. ತಾನು ಎದುರಿಸಬೇಕಾದ ದುರಾತ್ಮಗಳ ಹೆಸರುಗಳನ್ನು ಅದರಲ್ಲಿ ಒಂದರ ಕೆಳಗೊಂದು ಬರೆದುಕೊಂಡಿದ್ದ. ಗುರುಗಳು ಹಾಳೆಯನ್ನು ಇಸಿದುಕೊಂಡು ಕೊನೆಯವರೆಗೂ ಓದಿದರು. ಓದಿ ಹಿಂದಕ್ಕೆ ಕೊಟ್ಟರು.

“ಕೂತುಕೋ,” ಎಂದರು. “ಅಂಥದೇ ಒಂದು ದೇಶದಲ್ಲಿ ನಡೆದದ್ದನ್ನು ಹೇಳುತ್ತೇನೆ.”

ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ ಒಬ್ಬ ಸಭಾಪಾಲಕನಿದ್ದ. ಕಪಟ ಅರಿಯದ ಮನುಷ್ಯ. ಹದಿನೆಂಟು ವರ್ಷ ಅದೇ ಊರಿನಲ್ಲಿ ದೇವರ ಸೇವೆ ಮಾಡಿದ್ದ. ಅವನು ಬಂದ ಹೊಸದರಲ್ಲಿ ಭಾನುವಾರ ಬೆಂಚುಗಳಲ್ಲಿ ಜಾಗ ಸಾಲದೆ ಜನ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಬರಬರುತ್ತ ನಲವತ್ತು ಮಂದಿ ಉಳಿದರು. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ನಿಂತಿತು. ಭಾನುವಾರವೂ ಅಂಗಡಿಗಳು ತೆರೆದವು. ಮದುವೆಯಿಲ್ಲದೆ ಸಂಸಾರ ಹೂಡಿದವರನ್ನು ಕಂಡರೆ ಊರಿನಲ್ಲಿ ಯಾರಿಗೂ ಏನೂ ಅನ್ನಿಸದಂತಾಯಿತು. ಪಕ್ಕದ ಊರಿನ ದೇವಾಲಯವನ್ನು ಮಾರಿದರು. ಕೊಂಡವರು ಅದನ್ನು ವ್ಯಾಯಾಮಶಾಲೆ ಮಾಡಿಕೊಂಡರು. ಸಭಾಪಾಲಕ ಒಂದು ದಿನ ಅದನ್ನು ನೋಡಲು ಹೋದ. ಪ್ರಭುಭೋಜನ ನಡೆಸುವ ಪವಿತ್ರ ಮೇಜು ಇದ್ದ ಜಾಗದಲ್ಲಿ ಯಾರೋ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಅವನು ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತ. ಆ ಅಳು ಸುಳ್ಳಲ್ಲ.

ಅಂದಿನಿಂದ ಅವನು ಒಂದೇ ವಿಷಯ ಬೋಧಿಸತೊಡಗಿದ. ಶತ್ರು ಊರೊಳಗೆ ಬಂದಿದ್ದಾನೆ, ಏಳಿ, ಆಯುಧ ಧರಿಸಿ, ನಿಲ್ಲಿ. ತೂಕಡಿಸುತ್ತಿದ್ದವರು ನೆಟ್ಟಗೆ ಕೂತರು. ಸುತ್ತಲ ಊರುಗಳಿಂದಲೂ ಜನ ಬರತೊಡಗಿದರು. ನಲವತ್ತು ಇದ್ದವರು ಅರವತ್ತಾದರು. ಸಭಾಪಾಲಕನಿಗೆ ಸಂತೋಷವಾಯಿತು. ಬಹಳ ದಿನಗಳ ಮೇಲೆ ಅವನ ದನಿ ಗಟ್ಟಿಯಾಗಿತ್ತು.

ಅವನು ಊರಿನ ನಕಾಶೆ ತರಿಸಿದ. ಶತ್ರು ನೆಲೆ ಮಾಡಿಕೊಂಡ ಜಾಗಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ. ಹೆಂಡದಂಗಡಿಗೆ ಒಂದು. ಇಸ್ಪೀಟೆಲೆ ಹಾಕಿ ಭವಿಷ್ಯ ಹೇಳುವವಳ ಅಂಗಡಿಗೆ ಒಂದು. ಬಂದರು ಬೀದಿಯ ಒಂದು ಮನೆಗೂ ಗುರುತು ಬಿತ್ತು. ಆ ಮನೆಯ ಕಿಟಕಿಯಲ್ಲಿ ‘ಇಲ್ಲಿ ಯೋಗ ಕಲಿಸಲಾಗುತ್ತದೆ’ ಎಂಬ ಹಲಗೆ ಇತ್ತು. ಯೋಗ ಮಾಡಿದರೆ ದುರಾತ್ಮ ಒಳಹೊಗುತ್ತದೆ ಎಂದು ಅವನ ನಂಬಿಕೆ.

ಇಲ್ಲಿ ಜಯಶೀಲ ನಕ್ಕ. ಗುರುಗಳು ನಗಲಿಲ್ಲ. ಅವರು ಮುಗಿಸುವವರೆಗೂ ಅವನು ಮತ್ತೆ ನಗಲಿಲ್ಲ.

ಆ ಮನೆ ಅಗ್ನೆಸ್ ಎಂಬ ವಿಧವೆಯದು. ಇಪ್ಪತ್ತೆರಡು ವರ್ಷ ಅವಳು ಪವಿತ್ರ ಮೇಜಿನ ಬಿಳಿ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಶನಿವಾರ ಸಂಜೆ ತಂದು ಹಾಸುತ್ತಿದ್ದಳು. ಅವಳ ಮಗಳು ಸಿಗ್ರಿಡ್ ದೊಡ್ಡ ಪಟ್ಟಣದಲ್ಲಿ ಮದುವೆಯಿಲ್ಲದೆ ಒಬ್ಬನೊಡನೆ ಬಾಳಿ, ಅದೂ ಮುರಿದುಬಿದ್ದ ಮೇಲೆ, ತಾಯಿಯ ಮನೆಗೆ ಮರಳಿದಳು. ಹೊಟ್ಟೆಪಾಡಿಗೆ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ನಾಲ್ಕು ಜನರಿಗೆ ಯೋಗ ಕಲಿಸತೊಡಗಿದಳು. ಸಭೆಯ ಹಿರಿಯರು ಅಗ್ನೆಸಳನ್ನು ಕರೆಸಿ, ಆ ಹಲಗೆ ಇಳಿಯಬೇಕು, ಇಲ್ಲವಾದರೆ ನೀನು ಮೇಜಿನ ಬಟ್ಟೆ ಮುಟ್ಟಬಾರದು ಎಂದರು. ಅಗ್ನೆಸ್ ಸಭಾಪಾಲಕನ ಮುಖ ನೋಡಿದಳು. ಅವನು, “ಇದು ಹಿರಿಯರ ತೀರ್ಮಾನ,” ಎಂದ. ಅವಳು ಮನೆಗೆ ಹೋಗಿ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿ ತಂದು ಒಪ್ಪಿಸಿದಳು. ಆಮೇಲೆ ಅವಳು ದೇವಾಲಯಕ್ಕೆ ಬರಲಿಲ್ಲ.

ಒಮ್ಮೆ ಹೋಗಿ ಮಾತಾಡಿಸಬೇಕು ಎಂದು ಸಭಾಪಾಲಕನಿಗೆ ಅನ್ನಿಸಿತ್ತು. ಮುಂದಿನ ವಾರ ಹೋದರಾಯಿತು ಎಂದುಕೊಂಡ. ಹೀಗೆ ಎರಡು ವರ್ಷ ಕಳೆಯಿತು. ಅವನಿಗೆ ಯುದ್ಧದ ಕೆಲಸವಿತ್ತು.

ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಮೂವತ್ತು ಮಂದಿ ಹೊರಟರು. ಗುರುತು ಹಾಕಿದ ಒಂದೊಂದು ಜಾಗದ ಮುಂದೆಯೂ ನಿಂತು ಕೀರ್ತನೆ ಹಾಡುವುದು, ಆಮೇಲೆ ಕೈಯೆತ್ತಿ ದುರಾತ್ಮವನ್ನು ಗದರಿಸುವುದು ಅವರ ಕ್ರಮ. ಬಂದರು ಬೀದಿಯ ಮನೆಯ ಮುಂದೆ ನಿಂತು ಹಾಡಿದರು. ಕೊನೆಯ ಚರಣ ಮುಗಿಯುವಾಗ ಬಾಗಿಲು ತೆರೆಯಿತು. ಸಿಗ್ರಿಡ್ ನಿಂತಿದ್ದಳು. ಒದ್ದೆ ಕೈಯನ್ನು ಒರೆಸಿಕೊಳ್ಳುತ್ತಿದ್ದಳು. ಮುಖದಲ್ಲಿ ನಗುವಿತ್ತು. ಏನನ್ನೋ ಹೇಳಲು ಬಾಯಿ ತೆರೆದಳು.

ಸಭಾಪಾಲಕ ಆಗಲೇ ಕೈಯೆತ್ತಿ ಕಣ್ಣು ಮುಚ್ಚಿದ್ದ. “ಅಶುದ್ಧಾತ್ಮವೇ, ಈ ಮನೆಯನ್ನು ಬಿಟ್ಟು ತೊಲಗು!” ಎಂದು ಕೂಗಿದ. ಮೂವತ್ತು ಮಂದಿಯೂ ದನಿಗೂಡಿಸಿದರು. ಅವನು ಕಣ್ಣು ಬಿಟ್ಟಾಗ ಬಾಗಿಲು ಮುಚ್ಚಿತ್ತು.

“ದುರಾತ್ಮಕ್ಕೆ ತಡೆಯಲಾಗಲಿಲ್ಲ ನೋಡಿ,” ಎಂದ ಒಬ್ಬ ಹಿರಿಯ.

ಮರುದಿನ ಸಭಾಪಾಲಕ ಪೀಠದಿಂದ ಅದನ್ನೇ ಹೇಳಿದ. ಪ್ರಾರ್ಥನೆಯ ಬಲಕ್ಕೆ ಕತ್ತಲೆ ಹೇಗೆ ಬಾಗಿಲು ಹಾಕಿಕೊಂಡಿತು ಎಂದು ವರ್ಣಿಸಿದ. ಜನ ‘ಆಮೆನ್’ ಎಂದರು. ಅಷ್ಟು ಗಟ್ಟಿಯಾದ ಆಮೆನ್ ಆ ದೇವಾಲಯದಲ್ಲಿ ಕೇಳಿ ವರ್ಷಗಳಾಗಿದ್ದವು.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಸಿಗ್ರಿಡ್ ಅವನ ಕೋಣೆಗೆ ಬಂದಳು. ಅವಳಿಗೆ ದೀಕ್ಷಾಸ್ನಾನ ಕೊಟ್ಟವನು ಅವನಲ್ಲ, ಆದರೆ ಹದಿನೈದರ ವಯಸ್ಸಿನಲ್ಲಿ ಅವಳಿಗೆ ವೇದಪಾಠ ಹೇಳಿ ಪ್ರಭುಭೋಜನದ ಮೇಜಿಗೆ ಸೇರಿಸಿದವನು ಅವನೇ. ಅವಳು ಕುಳಿತುಕೊಳ್ಳಲಿಲ್ಲ.

“ಅಯ್ಯನವರೇ, ಅಮ್ಮ ನಿನ್ನೆ ತೀರಿಕೊಂಡಳು. ಇದೇ ದೇವಾಲಯದಿಂದ ಮಣ್ಣಿಗೆ ಹೋಗಬೇಕು ಎಂದಿದ್ದಳು. ಆಗುತ್ತದೆಯೋ ಇಲ್ಲವೋ ಕೇಳಲು ಬಂದೆ.”

“ಕಾಯಿಲೆಯಾಗಿತ್ತೇ?”

“ಆರು ತಿಂಗಳಾಗಿತ್ತು. ಕೊನೆಯ ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ.”

“ನನಗೆ ಯಾರೂ ತಿಳಿಸಲಿಲ್ಲವಲ್ಲ,” ಎಂದ ಸಭಾಪಾಲಕ. ಹೇಳಿದ ಕೂಡಲೇ ಆ ಮಾತು ಅವನ ಕಿವಿಗೇ ಕೆಟ್ಟದಾಗಿ ಕೇಳಿಸಿತು.

ಸಿಗ್ರಿಡಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿದಿದ್ದಳು. “ಆ ಶನಿವಾರ ನೀವೆಲ್ಲ ಬಂದಿರಲ್ಲ, ಹಾಡು ಕೇಳಿ ಅಮ್ಮನಿಗೆ ಎಚ್ಚರವಾಯಿತು. ‘ಸಭೆಯವರು ನನ್ನನ್ನು ನೋಡಲು ಬಂದಿದ್ದಾರೆ, ಒಲೆಯ ಮೇಲೆ ಚಹಾಕ್ಕೆ ನೀರಿಡು, ಬೇಗ ನನ್ನ ತಲೆ ಬಾಚು’ ಎಂದಳು. ಬಾಚಿದೆ. ಕಿಟಕಿಯಿಂದ ನೋಡಿದರೆ ಮೂವತ್ತು ಜನ ಇದ್ದಿರಿ. ಮನೆಯಲ್ಲಿದ್ದದ್ದು ಎಂಟೇ ಬಟ್ಟಲು. ಅವನ್ನು ತೊಳೆದಿಟ್ಟು, ಉಳಿದದ್ದನ್ನು ಪಕ್ಕದ ಮನೆಯಿಂದ ತಂದರಾಯಿತು ಎಂದುಕೊಂಡು ಬಾಗಿಲು ತೆಗೆದೆ.”

“ಅಮ್ಮನಿಗೆ ಏನು ಹೇಳಿದೆ?” ಎಂದು ಸಭಾಪಾಲಕ ಕೇಳಿದ.

“ಅವರಿಗೆ ಇವತ್ತು ಅವಸರವಂತೆ, ಮುಂದಿನ ಶನಿವಾರ ಬರುತ್ತಾರಂತೆ ಎಂದೆ. ಮುಂದಿನ ಶನಿವಾರವೂ ತಲೆ ಬಾಚಿಸಿಕೊಂಡು ಕಾದಳು. ಅವತ್ತೂ ನಿಮ್ಮ ಹಾಡು ಕೇಳಿಸಿತು. ಆದರೆ ಬೇರೆ ಬೀದಿಯಿಂದ.”

ಅವಳು ಹೋದ ಮೇಲೆ ಅವನು ಅಲ್ಲೇ ಕೂತಿದ್ದ. ಮಂಡಿಯೂರಲು ನೋಡಿದ. ಪ್ರಾರ್ಥನೆಗೆ ಮಾತು ಬರಲಿಲ್ಲ. ಇಷ್ಟು ವರ್ಷ ಸಲೀಸಾಗಿ ಬರುತ್ತಿದ್ದ ಮಾತುಗಳೆಲ್ಲ ಈಗ ಬೇರೆ ಯಾರದೋ ಬಟ್ಟೆಯಂತೆ ಅನ್ನಿಸಿದವು.

ಮಣ್ಣು ಮಾಡುವ ದಿನ ದೇವಾಲಯ ತುಂಬಿತ್ತು. ಸತ್ತವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿ ಮುಗಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಪೀಠದ ಮೇಲೆ ನಿಂತು, ಬಾಗಿಲು ಏಕೆ ತೆರೆಯಿತು, ಏಕೆ ಮುಚ್ಚಿತು ಎಂಬುದನ್ನು ಇದ್ದಂತೆ ಹೇಳಿದ. “ಆ ದಿನ ಗೆದ್ದೆವೆಂದು ನಾನು ಇಲ್ಲಿಂದಲೇ ಹೇಳಿದೆ. ನೀವು ಆಮೆನ್ ಎಂದಿರಿ. ಅದು ಸುಳ್ಳು. ಸಾಯುತ್ತಿದ್ದ ಒಬ್ಬ ತಾಯಿಯ ಹಾಸಿಗೆಯ ಮುಂದೆ ನಾವು ಕೂಗಾಡಿ ಬಂದೆವು,” ಎಂದ.

ಹಾಡಿದ್ದ ಮೂವತ್ತು ಮಂದಿಯಲ್ಲಿ ಕೆಲವರು ಅತ್ತರು. ಕೆಲವರು, ಸಭಾಪಾಲಕನ ಮೇಲೆಯೇ ಶತ್ರುವಿನ ಕೈ ಬಿದ್ದಿದೆ ಎಂದು ಪಿಸುಗುಟ್ಟಿ ಎದ್ದುಹೋದರು. ಮುಂದಿನ ಭಾನುವಾರ ಸುತ್ತಲ ಊರಿನವರು ಯಾರೂ ಬರಲಿಲ್ಲ. ಅರವತ್ತು ಇದ್ದವರು ಇಪ್ಪತ್ತೈದಾದರು.

ಎಲ್ಲರ ಮುಂದೆ ಒಪ್ಪಿಕೊಂಡ ಮೇಲೂ ಅವನ ನಾಚಿಕೆ ಕರಗಲಿಲ್ಲ. ವಾರ ಕಳೆದ ಮೇಲೆ ಅವನು ಒಬ್ಬನೇ ಬಂದರು ಬೀದಿಗೆ ಹೋದ. ಬಾಗಿಲು ತಟ್ಟಲು ಎರಡು ಸಲ ಕೈಯೆತ್ತಿ ಇಳಿಸಿದ. ಮೂರನೆಯ ಸಲ ತಟ್ಟಿದ. ಸಿಗ್ರಿಡ್ ಬಾಗಿಲು ತೆರೆದಳು.

“ಕ್ಷಮೆ ಕೇಳಲು ಬಂದೆ,” ಎಂದ.

“ನನ್ನನ್ನು ಕೇಳಿದರೆ ಆಯಿತೇ ಅಯ್ಯನವರೇ? ಕೊಡಬೇಕಾದವಳು ಹೋದಳು,” ಎಂದಳು ಅವಳು. ಆಮೇಲೆ, “ಚಳಿಯಲ್ಲಿ ಯಾಕೆ ನಿಂತಿರಿ, ಒಳಗೆ ಬನ್ನಿ,” ಎಂದು ಪಕ್ಕಕ್ಕೆ ಸರಿದಳು.

ಒಳಗೆ ನಾಲ್ಕು ಚಾಪೆಗಳನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿದ್ದರು. ಬೇರೇನೂ ಇರಲಿಲ್ಲ. ಅವನು ಇಷ್ಟು ದಿನ ಹೆದರಿದ್ದು ಈ ಕೋಣೆಗೆ. ಅದರ ಹಿಂದಿನ ಸಣ್ಣ ಕೋಣೆಯಲ್ಲಿ ಅಗ್ನೆಸಳ ಮಂಚ ಇನ್ನೂ ಹಾಗೆಯೇ ಇತ್ತು. ಸಿಗ್ರಿಡ್ ಚಹಾ ತರಲು ಹೋದಾಗ ಅವನು ಮಂಚದ ಬಳಿಗೆ ಹೋಗಿ ನಿಂತ. ತಿರುಗಿ ನೋಡಿದ. ತಲೆದಿಂಬಿನಿಂದ ಬೀದಿಬಾಗಿಲು ನೇರ ಕಾಣುತ್ತಿತ್ತು. ಅಡ್ಡ ಗೋಡೆಯಿಲ್ಲ, ಪರದೆಯಿಲ್ಲ. ಹೊಸ್ತಿಲ ಆಚೆ ಯಾರು ನಿಂತರೂ ಅವರ ಮುಖ ಕಾಣುವಂತಿತ್ತು.

ಸಿಗ್ರಿಡ್ ಚಹಾ ತಂದುಕೊಟ್ಟಳು. “ಆ ದಿನ ಅಮ್ಮ ನನ್ನನ್ನು ನೋಡಿದರೇ?” ಎಂದು ಅವನು ಕೇಳಿದ.

“ನೋಡಿರಬೇಕು. ಕಣ್ಣು ಚೆನ್ನಾಗಿಯೇ ಇತ್ತು, ಕಿವಿಯೂ ಇತ್ತು. ನಾನು ಅವಸರವಂತೆ ಎಂದಾಗ ‘ಹೌದೇನು’ ಎಂದಳು, ಅಷ್ಟೆ. ನೋಡಿದೆ ಎಂದು ನನ್ನ ಹತ್ತಿರ ಹೇಳಲೇ ಇಲ್ಲ.”

ಸಭಾಪಾಲಕ ಬಟ್ಟಲನ್ನು ಕೈಯಲ್ಲಿ ಹಿಡಿದೇ ನಿಂತ. ಅಗ್ನೆಸ್ ಎಲ್ಲವನ್ನೂ ನೋಡಿದ್ದಳು, ಕೇಳಿದ್ದಳು. ಆ ಮೇಲೂ, ಮುಂದಿನ ಶನಿವಾರ ಅವನು ಬಂದರೂ ಬರಬಹುದೆಂದು ತಲೆ ಬಾಚಿಸಿಕೊಂಡು ಕಾದಿದ್ದಳು. ಅವನಿಗೆ ಆ ಚಹಾವನ್ನು ಕುಡಿಯಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ.

ಅವನು ಆ ಊರಿನಲ್ಲಿ ಇನ್ನೂ ಒಂಬತ್ತು ವರ್ಷ ಇದ್ದ. ಊರು ಮೊದಲಿನಂತೆ ಆಗಲಿಲ್ಲ. ಭಾನುವಾರ ಅಂಗಡಿಗಳು ತೆರೆದೇ ಇದ್ದವು. ಅವನು ಮನೆಯಿಂದ ಮನೆಗೆ ಹೋಗುತ್ತಿದ್ದ. ಬಾಗಿಲು ತೆರೆದವರು ಯಾಕೆ ಬಂದಿರಿ ಎಂದು ಕೇಳಿದರೆ, “ಸುಮ್ಮನೆ ಕೂತು ಹೋಗಲು,” ಎನ್ನುತ್ತಿದ್ದ. ಕೆಲವರು ಕೂಡಿಸಿಕೊಂಡರು, ಕೆಲವರು ಬಾಗಿಲು ಹಾಕಿದರು. ಹಾಕಿದವರನ್ನು ಕುರಿತು ಅವನು ಪೀಠದಿಂದ ಒಂದು ಮಾತೂ ಆಡಲಿಲ್ಲ.

ಗುರುಗಳು ನಿಲ್ಲಿಸಿದರು. ಜಯಶೀಲ ತಲೆ ತಗ್ಗಿಸಿ ಕೂತಿದ್ದ. ಕೈಯಲ್ಲಿದ್ದ ಹಾಳೆಯನ್ನು ಅವನು ಆಗಲೇ ಮಡಚಿದ್ದ. ಮುಖ ಕೆಂಪಾಗಿತ್ತು. ಕೇಳಲು ಹಿಂಜರಿದು, ಕೊನೆಗೆ ಮೆಲ್ಲಗೆ ಕೇಳಿದ: “ಹಾಗಾದರೆ ಅಯ್ಯನವರೇ, ಶತ್ರು ಎಂಬವನೇ ಇಲ್ಲವೇ?”

ಗುರುಗಳು ಹೇಳಿದರು: “ಇದ್ದಾನೆ, ಆ ಬೆಳಿಗ್ಗೆ ಅವನು ಬಾಗಿಲ ಹೊರಗೆ ನಿಂತು, ಒಂದು ಚರಣವನ್ನೂ ಬಿಡದೆ ಅವರೊಡನೆ ಹಾಡುತ್ತಿದ್ದ.”