ತಿಪ್ಪೇಶಿ ಸೌಂಡ್‌ಬಾರ್ ಕೂರಿಸಿದ್ದು

ಚಳ್ಳಕೆರೆಯಲ್ಲಿ ಬೋರಮ್ಮ ಅಂತ ಒಬ್ಬಾಕೆ. ಅವಳಿಗೆ ಇಬ್ಬರು ಮಕ್ಕಳು. ಮಗಳು ಚಂದ್ರಕಲಾ, ಹೇಳದೆಯೇ ತಿಳಿದುಕೊಳ್ಳುವವಳು. ಮಗ ತಿಪ್ಪೇಶಿ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇದೇನು ಹೊಗಳಿಕೆಯಲ್ಲವೇ ಅಂತ ನೀವು ಕೇಳಬಹುದು. ಅವನ ಜೊತೆ ಒಂದು ದಿನ ಇದ್ದು ಬಂದು ಆಮೇಲೆ ಕೇಳಿ. ಕೋಳಿಗೂಡಿನ ಬಾಗಿಲು ಹಾಕಿ ಬಾರೋ ಅಂದರೆ ಹಾಕಿ ಬರುವವನು, ಕೋಳಿಗಳೆಲ್ಲ ಹೊರಗೇ ಇದ್ದರೂ ಸರಿ. ಆಳು ಬಾಗಿಲೆತ್ತರ ಬೆಳೆದಿದ್ದ. ತಲೆಯೊಳಗೆ ಮಾತ್ರ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ.

"ದೇವರು ನನ್ನ ಇಬ್ಬರು ಮಕ್ಕಳಿಗೂ ಸೇರಿ ಒಂದೇ ಬುದ್ಧಿ ಕಳಿಸಿದ. ಮೊದಲು ಹುಟ್ಟಿದೋಳು ಪೂರ್ತಿ ತಗೊಂಡ್‌ಬಿಟ್ಳು" ಅಂತ ಬೋರಮ್ಮ ಆಗಾಗ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಚಂದ್ರಕಲಾ ಬೆಂಗಳೂರಿನಲ್ಲಿ ಸೀರಿಯಲ್‌ಗಳಲ್ಲಿ ಪಾರ್ಟು ಮಾಡುತ್ತಿದ್ದಳು. ಪಾರ್ಟು ಅಂದರೆ ಏನು, ಮದುವೆ ಮನೆಯಲ್ಲಿ ತಟ್ಟೆ ಹಿಡಿದು ಹಿಂದೆ ನಿಲ್ಲುವುದು, ಸಂತೆಯಲ್ಲಿ ಬೆನ್ನು ತಿರುಗಿಸಿ ಸೊಪ್ಪು ಆರಿಸುವುದು. ಒಂದು ಮಾತೂ ಇರುತ್ತಿರಲಿಲ್ಲ. ಎದುರುಮನೆ ಕಾಟಮ್ಮ ಇದನ್ನು ಬಿಡುತ್ತಾಳೆಯೇ? "ಏನ್ ಬೋರಮ್ಮ, ನಿನ್ ಮಗಳು ಊರಲ್ಲಿದ್ದಾಗ ಚೆನ್ನಾಗೇ ಮಾತಾಡ್ತಿದ್ಳಲ್ಲ. ಟೀವಿಗೆ ಹೋದ್ಮೇಲೆ ಮೂಗಿ ಆಗ್ಬಿಟ್ಳಾ?" ಅಂತ ನಲ್ಲಿ ಹತ್ತಿರ ನಾಲ್ಕು ಜನರ ಮುಂದೆ ಕೇಳಿದ್ದಳು. ಬೋರಮ್ಮ ಅವತ್ತು ಅರ್ಧ ಕೊಡ ನೀರು ಹಿಡಿದು ಮನೆಗೆ ಬಂದುಬಿಟ್ಟಿದ್ದಳು.

ಹೀಗಿರುವಾಗ ಒಂದು ದಿನ ಮಗಳ ಫೋನು ಬಂತು.

"ಅವ್ವ, ನರ್ಸ್ ಪಾರ್ಟು ಸಿಕ್ಕೈತೆ. ಶುಕ್ರವಾರ ಸಂಜೆ ಏಳಕ್ಕೆ ಬರುತ್ತೆ. ಎರಡು ಮಾತು ಐತೆ. ಮೊದಲನೇದು ಸುಮ್ನೆ. ಎರಡನೇದು ಕೇಳಿಸ್ಕೋ. ಅದನ್ನ ಹೇಳೋವಾಗ ಅಲ್ಲಿ ಲೈಟು ಹಿಡಿಯೋರು ಕೂಡ ಕಣ್ಣು ಒರೆಸ್ಕೊಂಡ್ರು."

"ಏನೇ ಅದು, ಹೇಳೇ."

"ಈಗ ಹೇಳಲ್ಲ. ಟೀವೀಲೇ ಕೇಳು."

ಕೇಳುವುದು ಹೇಗೆ? ಬೋರಮ್ಮನ ಟೀವಿ ಗೋಡೆಗೆ ಅಂಟಿಕೊಂಡ ತೆಳ್ಳನೆಯ ಟೀವಿ. ಚಿತ್ರ ಚೆನ್ನ, ಸದ್ದು ಮಾತ್ರ ಬೆನ್ನಿನ ಕಡೆಯಿಂದ ಬರುತ್ತಿತ್ತು. ಹೇಳಿದ್ದೆಲ್ಲ ಗೋಡೆಗೆ ಕೇಳಿಸುತ್ತಿತ್ತು, ಮನೆಯವರಿಗಲ್ಲ. ಬೋರಮ್ಮನ ಕಿವಿಯೂ ಈಚೆಗೆ ಸ್ವಲ್ಪ ಮಂದ. ಮಗಳಿಗೆ ಇದೆಲ್ಲ ಗೊತ್ತು. ಅದಕ್ಕೇ ಒಂದು ಸೌಂಡ್‌ಬಾರ್ ಕೊಂಡು ಕೊರಿಯರ್‌ನಲ್ಲಿ ಹಾಕಿದ್ದಳು. ಕಿರಿದಾದ ಹಲಗೆಯಂಥ ಸಾಮಾನು. ಟೀವಿ ಕೆಳಗೆ ಇಟ್ಟು ತಂತಿ ಸೇರಿಸಿದರೆ ಮಾತೆಲ್ಲ ನೆಟ್ಟಗೆ ಮುಂದಕ್ಕೆ ಬರುತ್ತದೆ.

ಬಸ್‌ಸ್ಟ್ಯಾಂಡ್ ಪಕ್ಕದ ಕೊರಿಯರ್ ಅಂಗಡಿಯಿಂದ ಅದನ್ನು ತರಲು ತಿಪ್ಪೇಶಿಯೇ ಹೋಗಬೇಕು.

"ನೋಡ್ಲಾ, ಅದು ಸೂಕ್ಷ್ಮದ್ದು. ಎಲ್ಲೂ ತಗಲಿಸಬ್ಯಾಡ. ಎಳೇ ಕೂಸನ್ನ ತರಂಗೆ ತಗೊಂಬಾ" ಅಂದಳು ಬೋರಮ್ಮ.

ತಿಪ್ಪೇಶಿ ತಲೆಯಾಡಿಸಿದ. ಆ ಮಾತನ್ನು ಗಂಟು ಹಾಕಿಕೊಂಡು ಹೊರಟ.

ಬೆಳಿಗ್ಗೆ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ಬೋರಮ್ಮ ಬಾಗಿಲಿಗೂ ಒಲೆಗೂ ಓಡಾಡಿ ಸುಸ್ತಾಗಿ, ಕೊನೆಗೆ ಕಾಟಮ್ಮನ ಮನೆಯಲ್ಲಿ ಏನೋ ಜೋಗುಳ ಕೇಳಿ ಹೋಗಿ ನೋಡುತ್ತಾಳೆ. ಕಾಟಮ್ಮನ ಮೊಮ್ಮಗನ ತೊಟ್ಟಿಲಲ್ಲಿ ಸೌಂಡ್‌ಬಾರ್ ಮಲಗಿದೆ. ತಿಪ್ಪೇಶಿ ರಟ್ಟಿನ ಡಬ್ಬಿ ಬಿಚ್ಚಿ ಅದನ್ನು ಹೆಗಲ ಟವೆಲ್ಲಿನಲ್ಲಿ ಸುತ್ತಿದ್ದಾನೆ. ಒಂದು ತುದಿಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಿದ್ದಾನೆ. ತೂಗುತ್ತಾ ಕೂತಿದ್ದಾನೆ. ಕಾಟಮ್ಮನ ಮೊಮ್ಮಗ ನೆಲದ ಮೇಲೆ ಕೂತು ಅಳುತ್ತಿದ್ದಾನೆ.

"ಏನ್ಲಾ ಇದು?"

"ಮೆತ್ತಗೆ ಮಾತಾಡವ್ವ. ಬಿಸಿಲಲ್ಲಿ ತರಬಾರದು ಅಂತ ಬೇವಿನಮರದ ನೆರಳಲ್ಲಿ ಕೂತು ಕೂತು ತಂದೆ. ಈಗ ತಾನೆ ಮಲಗಿಸಿದೀನಿ."

"ಅಯ್ಯೋ ನಿನ್ನ ಬುದ್ಧಿಗಿಷ್ಟು ಮಣ್ಣು ಹಾಕ. ಅದು ಕೂಸಲ್ಲ ಕಣ್ಲಾ, ಮಿಷನ್ನು. ಮಿಷನ್ನು ಮನೆಗೆ ಬಂದ್ರೆ ಏನು ಮಾಡ್ತಾರೆ ಗೊತ್ತಿಲ್ವ? ಇವರ ಮನೆಗೆ ಬೈಕ್ ಬಂದಾಗ ನೋಡಿಲ್ವ? ಪೂಜೆ ಮಾಡಿ ಒಳಗೆ ತರಬೇಕು."

ತಿಪ್ಪೇಶಿ ತಲೆಯಾಡಿಸಿದ. ಆ ಮಾತನ್ನೂ ಗಂಟು ಹಾಕಿಕೊಂಡ.

ಕಾಟಮ್ಮನ ಮನೆಗೆ ಬೈಕ್ ಬಂದಾಗ ಏನೇನು ಮಾಡಿದ್ದರೋ ಅದರಲ್ಲಿ ಒಂದನ್ನೂ ಅವನು ಮರೆತಿರಲಿಲ್ಲ. ವಿಭೂತಿ ಪಟ್ಟೆ ಬಳಿದ, ಕುಂಕುಮ ಇಟ್ಟ. ಬೀದಿ ಬಾಗಿಲಲ್ಲಿ ಬೂದುಗುಂಬಳ ಒಡೆದ. ಬೈಕಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದರಲ್ಲ, ಇದಕ್ಕೆ ಚಕ್ರ ಇಲ್ಲ. ಆದರೂ ನಾಲ್ಕು ಮೂಲೆಗೆ ನಾಲ್ಕು ನಿಂಬೆಹಣ್ಣು ಇಟ್ಟು ಮೇಲಿನಿಂದ ಒತ್ತಿ ಎಳೆದ. ಚೆಂಡುಹೂವಿನ ದಪ್ಪ ಹಾರವನ್ನು ಈ ತುದಿಯಿಂದ ಆ ತುದಿಗೆ ಸುತ್ತಿದ. ಆಮೇಲೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಯಲ್ಲಿ ಬುರ್ ಅಂತ ಸದ್ದು ಮಾಡುತ್ತಾ, ಮಾರಮ್ಮನ ಗುಡಿಗೆ ಮೂರು ಸುತ್ತು ಹಾಕಿಸಿಕೊಂಡು ಬಂದ. ಗುಡಿ ಮುಂದಿದ್ದ ಮುದುಕರು ಕೈ ಎತ್ತಿ ದಾರಿ ಬಿಟ್ಟರಂತೆ.

ಬೋರಮ್ಮ ಹಿತ್ತಲಲ್ಲಿ ಪಾತ್ರೆ ತೊಳೆದು ಬರುವಷ್ಟರಲ್ಲಿ ಸೌಂಡ್‌ಬಾರ್ ಮದುಮಗನಾಗಿ ಟೀವಿ ಕೆಳಗೆ ಕೂತಿತ್ತು.

ತಂತಿ ಸೇರಿಸುವ ಕೆಲಸ ಮಾತ್ರ ಸಲೀಸಾಗಿ ಆಯಿತು. ಚಂದ್ರಕಲಾ ಫೋನಿನಲ್ಲಿ ತಾನೇ ಹೇಳಿಕೊಟ್ಟಳು. ತಮ್ಮನಿಗೆ ಹೇಳುವ ಹದ ಅವಳಿಗೆ ಗೊತ್ತು. "ತಂತಿ ಎತ್ತಿಕೋ. ತುದಿ ನೋಡು. ಟೀವಿ ಹಿಂದೆ ಅದೇ ಆಕಾರದ ತೂತು ಹುಡುಕು. ಹಾಕು. ಕೈ ತೆಗಿ." ಅವನು ಹಾಕಿದ, ಕೈ ತೆಗೆದ. ಆದರೆ ಸದ್ದು ಮಾತ್ರ ಕಂಬಳಿ ಹೊದ್ದು ಮಾತಾಡಿದ ಹಾಗೆ ಬಂತು. ಬೋರಮ್ಮ ಬಗ್ಗಿ ನೋಡಿದಳು. ಮುಂದುಗಡೆ ಜಾಲರಿ ಪೂರ್ತಿ ಚೆಂಡುಹೂವು.

"ಇದರ ಬಾಯಿ ಇರೋದೇ ಇಲ್ಲಿ, ಅಲ್ಲೇ ಹೂವು ತುರುಕಿದೀಯಲ್ಲೋ. ಇದರ ಮುಂದೆ ಏನೂ ಅಡ್ಡ ಇರಬಾರದು. ತಿಳೀತಾ? ಏನೂ ಅಡ್ಡ ಇರಬಾರದು."

ತಿಪ್ಪೇಶಿ ತಲೆಯಾಡಿಸಿದ. ಹಾರ ತೆಗೆದ. ಗಂಟು ಹಾಕಿಕೊಂಡ.

ಅವತ್ತು ಸಂಜೆ ಬೋರಮ್ಮ ಒಂದು ಹಳೆಯ ಸಿನಿಮಾ ನೋಡೋಣ ಅಂತ ಕೈ ಒರೆಸಿಕೊಂಡು ನಡುಮನೆಗೆ ಬಂದರೆ ನಡುಮನೆ ಬಯಲಾಗಿತ್ತು. ಚಾಪೆ ಇಲ್ಲ, ಮಂಚ ಇಲ್ಲ, ಅಕ್ಕಿ ಮೂಟೆ ಇಲ್ಲ. ಎಲ್ಲ ಅಡುಗೆಮನೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಟೀವಿ ಎದುರಿಗೇ ಬೀದಿ ಬಾಗಿಲು. ಅದನ್ನೂ ಹಾರುಹೊಡೆದು, ಬಾಗಿಲಿನ ಪರದೆಯನ್ನೂ ಕಿತ್ತು ಇಟ್ಟಿದ್ದ. ಅವಳು ಟೀವಿ ಮುಂದೆ ಕೂರಲು ಹೋದಳು. ತಿಪ್ಪೇಶಿ ರಟ್ಟೆ ಹಿಡಿದು ಎಬ್ಬಿಸಿದ.

"ಅಡ್ಡ ಕೂತ್ಕೋಬ್ಯಾಡವ್ವ."

"ಮತ್ತೆ ಎಲ್ಲೋ ಕೂತ್ಕೊಳ್ಲಿ?"

"ಎಲ್ಲಾದ್ರೂ ಕೂತ್ಕೋ. ಮುಂದೆ ಬ್ಯಾಡ."

ಬೋರಮ್ಮ ಅಡುಗೆಮನೆಯಲ್ಲಿ ಮೂಟೆ ಮೇಲೆ ಕೂತಳು. ಸದ್ದು ಅವಳನ್ನು ಬಿಟ್ಟು ನೆಟ್ಟಗೆ ಬಾಗಿಲು ದಾಟಿ, ಬೀದಿ ದಾಟಿ, ಕಾಟಮ್ಮನ ಮನೆಯೊಳಗೆ ಹೊಕ್ಕಿತು. ಕುದುರೆ ಓಡಿದ್ದು ಅಲ್ಲಿ ಕೇಳಿಸಿತು, ಕತ್ತಿ ಎಳೆದದ್ದು ಅಲ್ಲಿ ಕೇಳಿಸಿತು. ಕಾಟಮ್ಮನ ಮೊಮ್ಮಗ ಬೆಚ್ಚಿ ಎದ್ದು ಚೀರಿದ್ದು ಮಾತ್ರ ಬೋರಮ್ಮನಿಗೆ ಇಲ್ಲಿ ಕೇಳಿಸಿತು. ಕಾಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಮಧ್ಯಾಹ್ನ ತೊಟ್ಟಿಲು ಕಿತ್ತುಕೊಂಡದ್ದರಿಂದ ಶುರು ಮಾಡಿದಳು. ಅವಳು ಹೇಳಿದ್ದನ್ನೆಲ್ಲ ಇಲ್ಲಿ ಹೇಳುವುದು ಬೇಡ.

ಅವಳನ್ನು ಸಮಾಧಾನ ಮಾಡಿ ಕಳಿಸಿ, ಚಾಪೆ ಮಂಚ ಎಲ್ಲ ವಾಪಸ್ಸು ತರಿಸಿ, ಬೋರಮ್ಮ ಹೇಳಿದಳು: "ಅಡ್ಡ ಅಂದ್ರೆ ಸಾಮಾನು, ಜನ ಅಲ್ಲ. ಸದ್ದೂ ಹಂಗೆ ಜೋರು ಇಡಬಾರದು ಕಣ್ಲಾ, ಎದುರುಮನೆ ಕೂಸು ಮಲಗಿರುತ್ತೆ. ಅದು ಮಲಗಿದಾಗ ಸಣ್ಣಗೆ ಇಡು, ಎದ್ದಾಗ ಜೋರು ಇಡು."

ತಿಪ್ಪೇಶಿ ತಲೆಯಾಡಿಸಿದ, ಗಂಟು ಹಾಕಿಕೊಂಡ.

ಮಾರನೆಯ ದಿನ ಬೋರಮ್ಮ ಎದುರಿಗೆ ಕೂತು ಸಿನಿಮಾ ಹಾಕಿಸಿದಳು. ಆಹಾ, ಎಂಥಾ ಸದ್ದು ಅಂತೀರಿ. ನಾಯಕಿ ಬಳೆ ಸರಿಸಿದ್ದು ಕೇಳಿಸಿತು. ದೂರದಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು. ಅತ್ತೆ ಬಾಗಿಲ ಮರೆಯಲ್ಲಿ ಗೊಣಗಿದ್ದು ಕೂಡ ಅಕ್ಷರ ಅಕ್ಷರ ಕೇಳಿಸಿತು. ಇದೇ ಸಿನಿಮಾವನ್ನು ಹತ್ತು ಸಲ ನೋಡಿದ್ದಳು, ಆ ಅತ್ತೆ ಅಷ್ಟು ಕೆಟ್ಟವಳು ಅಂತ ಇವತ್ತೇ ಗೊತ್ತಾದದ್ದು. ಬೋರಮ್ಮನಿಗೆ ಖುಷಿಯೋ ಖುಷಿ. ಶುಕ್ರವಾರ ಮಗಳ ದನಿಯೂ ಹೀಗೇ ಬರುತ್ತದಲ್ಲ ಅಂತ ನೆನೆದು ಕಣ್ಣು ತುಂಬಿತು.

ಅಷ್ಟರಲ್ಲಿ ಸದ್ದು ನಿಂತೇ ಹೋಯಿತು. ಸ್ವಲ್ಪ ಹೊತ್ತಿಗೆ ಮನೆ ಹಂಚು ಹಾರುವ ಹಾಗೆ ಬಂತು. ಮತ್ತೆ ನಿಂತಿತು, ಮತ್ತೆ ಬಂತು. ತಿಪ್ಪೇಶಿ ಎಲ್ಲಿ ಅಂತ ನೋಡಿದರೆ ರಿಮೋಟ್ ಹಿಡಿದು ಕಾಟಮ್ಮನ ಮನೆ ಹೊಸ್ತಿಲಿಗೂ ತನ್ನ ಮನೆ ಹೊಸ್ತಿಲಿಗೂ ಓಡುತ್ತಿದ್ದಾನೆ. ಕೂಸು ಕಣ್ಣು ಮುಚ್ಚಿದರೆ ಸಣ್ಣಗೆ ಮಾಡುತ್ತಾನೆ. ಕಣ್ಣು ಬಿಟ್ಟರೆ ಪೂರ್ತಿ ಏರಿಸುತ್ತಾನೆ. ಏರಿಸಿದರೆ ಅದು ಮತ್ತೆಲ್ಲಿ ಕಣ್ಣು ಮುಚ್ಚೀತು? ಕಾಟಮ್ಮ ಕೈಯಲ್ಲಿ ಪೊರಕೆ ಹಿಡಿದಿದ್ದಳು.

"ಕೂಸು ಎದ್ದೈತವ್ವ, ನೀನು ಆರಾಮಾಗಿ ಕೇಳು" ಅಂದ ತಿಪ್ಪೇಶಿ.

ಬೋರಮ್ಮ ರಿಮೋಟ್ ಕಿತ್ತುಕೊಂಡಳು. ಅವಳಿಗೆ ಸಾಕಾಗಿ ಹೋಗಿತ್ತು. ನಾಳೆಯೇ ಶುಕ್ರವಾರ. "ನೋಡು ತಿಪ್ಪೇಶಿ, ಇನ್ಮೇಲೆ ನನ್ ಮಾತು ಕೇಳಲೇಬ್ಯಾಡ. ನಿಮ್ಮಕ್ಕ ತಂತಿ ಹಾಕೋದು ಹೇಳಿದ್ಳಲ್ಲ, ನೆಟ್ಟಗೆ ಮಾಡ್ದೆ. ಅಕ್ಕ ಏನು ಹೇಳ್ತಾಳೋ ಅದನ್ನೇ ಮಾಡು. ಅವಳ ಬಾಯಿಂದ ಬಂದ ತಕ್ಷಣ ಮಾಡು. ಬೇರೆ ಯಾರು ಏನೇ ಅಂದ್ರೂ ಕಿವಿಗೆ ಹಾಕ್ಕೋಬ್ಯಾಡ."

ತಿಪ್ಪೇಶಿ ತಲೆಯಾಡಿಸಿದ. ಗಂಟನ್ನು ಈ ಸಲ ಬಿಗಿಯಾಗಿ ಹಾಕಿಕೊಂಡ.

ಶುಕ್ರವಾರ ಸಂಜೆ ಬೋರಮ್ಮ ಬೀದಿಯವರನ್ನೆಲ್ಲ ಕರೆದಳು. ಮಂಡಕ್ಕಿ ಕಲಸಿದಳು, ಟೀ ಮಾಡಿದಳು. ಕಾಟಮ್ಮ ಪೊರಕೆ ಮನೆಯಲ್ಲಿಟ್ಟು ಗಂಡ ಪಾಲಯ್ಯನ ಜೊತೆ ಬಂದಳು. ಮುಂದಿನ ಸಾಲಲ್ಲೇ ಕೂತಳು. "ಮಾತಾಡ್ತಾಳೋ ಇಲ್ವೋ ನೋಡೇಬಿಡಾಣ" ಅಂದಳು. ಬೋರಮ್ಮ ಅವಳ ಕೈಗೂ ಟೀ ಲೋಟ ಕೊಟ್ಟಳು. ಏಳು ಹೊಡೆದ ಮೇಲೆ ಉತ್ತರ ಅದಾಗಿ ಅದೇ ಬರುತ್ತದೆ. ಫೋನನ್ನು ಟೀವಿ ಪಕ್ಕ ಚಾರ್ಜಿಗೆ ಹಾಕಿ, ಕೈ ಕಟ್ಟಿಕೊಂಡು ಕೂತಳು. ತಿಪ್ಪೇಶಿ ಬಾಗಿಲ ಹತ್ತಿರ ಕೂತ.

ಸೀರಿಯಲ್ ಶುರುವಾಯಿತು. ಆಸ್ಪತ್ರೆ, ಮಂಚ, ಮಂಚದ ಮೇಲೆ ಒಬ್ಬ ಮುದುಕಿ. ಸುತ್ತ ಮಕ್ಕಳು ಸೊಸೆಯಂದಿರು ಆಸ್ತಿಗೆ ಕಿತ್ತಾಡುತ್ತಿದ್ದಾರೆ. ಬಾಗಿಲು ತೆರೆದುಕೊಂಡಿತು. ಬಿಳಿ ಬಟ್ಟೆಯಲ್ಲಿ ಚಂದ್ರಕಲಾ ಬಂದಳು. ಮುಖ ಪೂರ್ತಿ ಕಾಣಿಸಿತು. ಬಾಯಿ ತೆರೆದಳು.

"ಎಲ್ಲರೂ ಹೊರಗೆ ಹೋಗಿ. ನಾನು ಹೇಳುವವರೆಗೂ ಯಾರೂ ಒಳಗೆ ಬರಬೇಡಿ."

ಎಂಥಾ ದನಿ! ಪಕ್ಕದಲ್ಲೇ ನಿಂತು ಹೇಳಿದ ಹಾಗಿತ್ತು. ಬೋರಮ್ಮ ಕಾಟಮ್ಮನ ಕಡೆ ತಿರುಗಿ ನೋಡೋಣ ಅಂತ ತಿರುಗಿದಳು. ಕಾಟಮ್ಮ ಆಗಲೇ ಗಾಳಿಯಲ್ಲಿದ್ದಳು. ತಿಪ್ಪೇಶಿ ಅವಳ ರಟ್ಟೆ ಹಿಡಿದು ಎತ್ತಿದ್ದ.

"ನಡೀರಿ ಹೊರಗೆ. ಎಲ್ಲಾರೂ ನಡೀರಿ."

ಅವನು ಟೀವಿ ಕಡೆ ಬೆರಳು ಮಾಡಿ ಕೂಗಿದ್ದು ನೋಡಿ ಪಾಲಯ್ಯ, "ಕರೆಂಟು ಹೊಡೀತೈತೆ, ಓಡ್ರಪ್ಪೋ" ಅಂದ. ಅಷ್ಟು ಸಾಕಾಯಿತು. ಟೀ ಲೋಟ ಒಂದು ಕಡೆ, ಮಂಡಕ್ಕಿ ಒಂದು ಕಡೆ, ಇಡೀ ಬೀದಿ ಬೀದಿಗೆ ಬಿತ್ತು. ಬೋರಮ್ಮ ಮಾತ್ರ ಚಾಪೆ ಹಿಡಿದುಕೊಂಡು, "ಬಿಡ್ಲಾ, ಇನ್ನೊಂದು ಮಾತೈತೆ ಬಿಡ್ಲಾ" ಅಂತ ಕೂತಿದ್ದಳು. ತಿಪ್ಪೇಶಿ ಚಾಪೆ ಸಮೇತ ಎತ್ತಿ ತಂದು ಜಗಲಿ ಮೇಲೆ ಇಳಿಸಿದ. ತಾನೂ ಹೊರಗೆ ಬಂದ. ಬಾಗಿಲೆಳೆದು ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಹಿತ್ತಲ ಬಾಗಿಲಿಗೆ ಬೋರಮ್ಮ ಸಂಜೆಯೇ ಒಳಗಿಂದ ಅಗುಳಿ ಹಾಕಿದ್ದಳು.

ಒಳಗೆ ಸೌಂಡ್‌ಬಾರ್ ತನ್ನ ಪಾಡಿಗೆ ತಾನು ಆಡುತ್ತಿತ್ತು. ಒಂದು ಹೆಣ್ಣುದನಿ ಮೆತ್ತಗೆ ಏನೋ ಹೇಳುತ್ತಿತ್ತು. ಮಾತು ಬಿಡಿಸಿ ಕೇಳಿಸುತ್ತಿರಲಿಲ್ಲ. ಪಿಟೀಲು ಬಂತು, ಮುದುಕಿ ಬಿಕ್ಕಿದ್ದು ಬಂತು. ಆಮೇಲೆ ಸೋಪಿನ ಜಾಹೀರಾತು ಬಂತು.

ಬೋರಮ್ಮ ಚಾಪೆ ಮೇಲೆ ಹಾಗೇ ಕೂತಿದ್ದಳು. ಅವಳಿಗೆ ಅಳು ಬಂದಿತ್ತು. "ಏನಂದ್ಳೋ ಅವಳು?" ಅಂದಳು.

"ಎಲ್ಲಾರೂ ಹೊರಗೆ ಹೋಗಿ ಅಂದ್ಳವ್ವ. ಬಾಯಿಂದ ಬಂದ ತಕ್ಷಣ ಮಾಡ್ದೆ."

"ಅದಾದ್ಮೇಲೆ?"

"ನಂಗೇನು ಗೊತ್ತು? ನಾನೂ ಹೊರಗೆ ಬಂದೆ. ಎಲ್ಲಾರೂ ಅಂದ್ಳಲ್ಲ."

ಬೈಯಲು ಬೋರಮ್ಮ ಬಾಯಿ ತೆರೆದಳು. ಬೈದು ಮುಗಿದ ಮೇಲೆ ಬುದ್ಧಿ ಹೇಳಬೇಕಾಗುತ್ತದಲ್ಲ ಅಂತ ಹೆದರಿ ಬಾಯಿ ಮುಚ್ಚಿದಳು. ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ತನ್ನ ಪಾರ್ಟು ಮುಗಿದೊಡನೆ ಚಂದ್ರಕಲಾ ಮಾಡಿರಬೇಕು, ಅವ್ವ ಕೇಳಿದಳೋ ಇಲ್ಲವೋ ಅಂತ. ಅವಳ ನಂಬರು ಇದ್ದದ್ದು ಆ ಫೋನಿನಲ್ಲೇ.

"ಅಕ್ಕನೇ ಕಣಪ್ಪ, ಬಾಗಿಲು ತೆಗಿಯೋ" ಅಂದ ಪಾಲಯ್ಯ. "ತೆಗಿಯೋ ತಿಪ್ಪೇಶಿ" ಅಂದಳು ಕಾಟಮ್ಮ, ಅವಳಿಗೂ ಈಗ ಆ ಎರಡನೆಯ ಮಾತು ಕೇಳಲೇಬೇಕಾಗಿತ್ತು. ತಿಪ್ಪೇಶಿ ಅಲುಗಲಿಲ್ಲ. ಬೇರೆ ಯಾರು ಏನೇ ಅಂದರೂ ಅವನು ಕಿವಿಗೆ ಹಾಕಿಕೊಳ್ಳುವ ಹಾಗಿಲ್ಲ.

ಫೋನು ಬಡಿದುಕೊಂಡು ನಿಂತಿತು. ಮತ್ತೆ ಬಡಿದುಕೊಂಡಿತು.

"ಅಕ್ಕ ಒಂದು ಮಾತು ಹೇಳಲಿ ಅವ್ವ, ಈಗ್ಲೇ ಬಾಗಿಲು ತೆಗೀತೀನಿ" ಅಂದ ತಿಪ್ಪೇಶಿ. "ಯಾಕೋ ಅವಳು ಹೇಳ್ತಾನೇ ಇಲ್ಲ."