ದ್ಯಾಮವ್ವನ ಕಾರಿನ ಹಿಂದಿನ ಸಪ್ಪಳ

ಬಂಕಾಪುರದ ದ್ಯಾಮವ್ವನ ಹಳೆಯ ಕಾರಿನ ಹಿಂಭಾಗದಲ್ಲಿ ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲರ ಸುಮಾರಿಗೆ ಕಟ ಕಟ ಎಂಬ ಸಪ್ಪಳ ಕೇಳಿಬಂದಿದೆ. ಪ್ರಾಣಹಾನಿ ಆಗಿಲ್ಲ. ರಸ್ತೆ ಬದಿ ಮಲಗಿದ್ದ ನಾಯಿಯೊಂದು ಎದ್ದು ಆಚೆ ಹೋಗಿ ಮಲಗಿತೆಂದು ನೋಡಿದವರು ಹೇಳುತ್ತಾರೆ.

ಸಪ್ಪಳ ಸಣ್ಣದು. ಆದರೆ ಶುಕ್ರವಾರ ಅದೇ ಕಾರಿನಲ್ಲಿ ದ್ಯಾಮವ್ವನ ಮಗಳು ನೀಲವ್ವ ಹಾನಗಲ್ಲಿನಿಂದ ತವರಿಗೆ ಬರಬೇಕಿತ್ತು. ತುಂಬು ಬಸುರಿ, ಚೊಚ್ಚಲು. ನಡುದಾರಿಯಲ್ಲಿ ಗಾಡಿ ನಿಂತರೆ ಏನು ಗತಿ ಎಂದು ದ್ಯಾಮವ್ವನಿಗೆ ಊಟ ಸೇರಲಿಲ್ಲ. ಗಾಡಿ ಓಡಿಸುವವನು ಮಗ ಫಕೀರಪ್ಪ ಎಂಬುದು ಅದಕ್ಕಿಂತ ದೊಡ್ಡ ಚಿಂತೆ.

ಫಕೀರಪ್ಪನಿಗೆ ಇಪ್ಪತ್ತೇಳು. ಗಾಡಿ ಚೆನ್ನಾಗಿ ಓಡಿಸುತ್ತಾನೆ. ಅವನ ದೋಷ ಒಂದೇ, ಹೇಳಿದ್ದನ್ನು ಮಾಡುತ್ತಾನೆ. ಹಿಂದೊಮ್ಮೆ ತಾಯಿ, "ಮಳಿ ಬಂದ್ರ ಅರಿವಿ ಒಳಗ ತಾ" ಎಂದು ಹೇಳಿ ಹೋಗಿದ್ದಳು. ಮಳೆ ಬರಲಿಲ್ಲ, ಗಾಳಿ ಬಂತು. ಐದು ಸೀರೆ ಊರಾಚೆ ಹಾರಿಹೋಗುವುದನ್ನು ಅವನು ನಿಂತು ನೋಡಿದ.

"ಮೌಲಾಸಾಬಣ್ಣನ ಹತ್ರ ಹೋಗು. ಅವ ಹೇಳಿದಂಗ ಮಾಡು," ಎಂದಳು ದ್ಯಾಮವ್ವ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಹಳೆಯ ಕಾರುಗಳ ವಿಷಯದಲ್ಲಿ ಆ ಊರಿನಲ್ಲಿ ಮೌಲಾಸಾಬ ಮಿಸ್ತ್ರಿಯ ಮಾತೇ ಮಾತು. ಆದರೆ ಅವನ ಬಲಗಾಲು ಮುರಿದು ಪ್ಲಾಸ್ಟರಿನಲ್ಲಿತ್ತು. ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಸಿಕೊಂಡು, ಕಾಲನ್ನು ಒಂದು ಟೈರಿನ ಮೇಲೆ ಚಾಚಿ ಕೂತಿದ್ದ.

"ಹಿಂದಿನ ಸೀಟಿನ್ಯಾಗ ಕುಂಡ್ರು," ಎಂದ. "ಕಿವಿಗೊಟ್ಟು ಕೇಳು. ಸಪ್ಪಳ ಎಡಕ್ಕ ಬರ್ತೈತೋ ಬಲಕ್ಕ ಬರ್ತೈತೋ, ಬಂದು ಹೇಳು."

ಫಕೀರಪ್ಪ ಮನೆಗೆ ಬಂದ. ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಹಿಂದಿನ ಸೀಟಿನಲ್ಲಿ ಕೂತ. ಒಂದು ತಾಸು ಕಿವಿಗೊಟ್ಟು ಕೇಳಿದ. ಹೋಗಿ ಹೇಳಿದ.

"ಎಡಕ್ಕ ಕೋಳಿ ಅದಾವ್ರಿ ಚಾಚಾ. ಬಲಕ್ಕ ಹಿಟ್ಟಿನ ಗಿರಣಿ. ಗಾಡಿ ಮಾತ್ರ ಸುಮ್ಮನೈತಿ."

"ನಿಂತ ಗಾಡಿ ಏನ್ ಮಾತಾಡತೈತೋ ಮಾರಾಯ? ಓಡೂ ಗಾಡ್ಯಾಗ ಹಿಂದ ಕುಂತು ಕೇಳ್ಬೇಕು. ಓಡ್ಸಾಕ ಬ್ಯಾರೇ ಯಾರರೆ ಇರ್ಬೇಕು. ತಿಳೀತೇನು?"

"ತಿಳೀತ್ರಿ."

ಬುಧವಾರ ಬೆಳಿಗ್ಗೆ ಫಕೀರಪ್ಪ ಓಡುವ ಗಾಡಿ ಹುಡುಕಿದ. ಓಡಿಸಲು ಬೇರೆ ಯಾರಾದರೂ ಇರುವ ಗಾಡಿ. ಶಿಗ್ಗಾವಿಗೆ ಹೋಗುವ ಬಸ್ಸು ಸಿಕ್ಕಿತು. ಕಟ್ಟಕಡೆಯ ಸೀಟಿನಲ್ಲಿ ಕೂತು ಶಿಗ್ಗಾವಿಯವರೆಗೆ ಕೇಳಿದ. ತಿರುಗಿ ಬರುವಾಗಲೂ ಕೇಳಿದ.

"ಎಡಕ್ಕೂ ಐತ್ರಿ, ಬಲಕ್ಕೂ ಐತಿ. ತೆಲಿ ಮ್ಯಾಲೂ ಒಂದೈತಿ. ಕಂಡಕ್ಟರ್‌ಗೂ ಹೇಳಿ ಬಂದೀನಿ. ಅವಗ ಮೊದಲ ಗೊತ್ತಿತ್ತಂತ."

ಮೌಲಾಸಾಬ ತನ್ನ ಪ್ಲಾಸ್ಟರಿನ ಕಾಲನ್ನು ಒಮ್ಮೆ ನೋಡಿಕೊಂಡ. ಅದು ನೆಟ್ಟಗಿದ್ದರೆ ಏನು ಮಾಡುತ್ತಿದ್ದನೋ ಹೇಳಲಿಲ್ಲ.

"ಮಂದಿ ಗಾಡಿ ಬ್ಯಾಡ, ನಿಮ್ಮದು. ಓಡ್ಸೂದೂ ಬ್ಯಾಡ. ಜಾಕ್ ಹಚ್ಚಿ ಹಿಂದಿನ ಗಾಲಿ ಎತ್ತು. ಮುಂದಿನ ಗಾಲಿಗೆ ಕಲ್ಲು ಕೊಡು, ಇಲ್ಲಾಂದ್ರ ಉರುಳತೈತಿ. ಗಾಡಿ ಎಲ್ಲೇ ನಿಲ್ಲಲಿ, ಗಾಲಿಗೆ ಕಲ್ಲು ಇರ್ಬೇಕು. ಆಮ್ಯಾಲೆ ಈ ಉದ್ದನ ಸ್ಕ್ರೂಡ್ರೈವರ್ ತಗೋ. ಕಟ ಕಟ ಅನ್ನೂ ಕಡೆ ತುದಿ ಇಡು, ಹಿಡಿಕಿ ಕಿವಿಗೆ ಹಚ್ಚು. ಡಾಕ್ಟರ್ ಎದಿ ನೋಡಿದಂಗ. ತಿಳೀತೇನು?"

"ತಿಳೀತ್ರಿ."

ಫಕೀರಪ್ಪ ಜಾಕ್ ಹಚ್ಚಿದ. ಬಚ್ಚಲದಲ್ಲಿ ಕೂತು ಸ್ನಾನ ಮಾಡುವ ಚೌಕದ ಕಲ್ಲನ್ನು ಹೊತ್ತು ತಂದು ಮುಂದಿನ ಗಾಲಿಗೆ ಕೊಟ್ಟ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಕಲ್ಲಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು, ಕಟ ಕಟ ಎಲ್ಲಿಂದ ಬರುತ್ತದೆ ಎಂದು ಆಲಿಸಿದ. ಅಡುಗೆಮನೆಯಿಂದ ಬರುತ್ತಿತ್ತು. ದ್ಯಾಮವ್ವ ಬಾಣಂತಿಯ ಅಂಟಿನುಂಡಿಗೆಂದು ಒರಳಿನಲ್ಲಿ ಉತ್ತತ್ತಿ ಕುಟ್ಟುತ್ತಿದ್ದಳು. ಫಕೀರಪ್ಪ ಒರಳಿಗೆ ತುದಿ ಇಟ್ಟ, ಹಿಡಿಕೆಯನ್ನು ಕಿವಿಗೆ ಹಚ್ಚಿದ.

"ಏನ್ ನಡಿಸಿಯೋ?"

"ಕುಟ್ಟವ್ವ, ನಿಲ್ಲಿಸಬ್ಯಾಡ. ಸಿಕ್ತು."

ಸಂಜೆ ವರದಿ ಒಪ್ಪಿಸಿದ. "ಸಪ್ಪಳ ಒರಳಿನ್ಯಾಗ ಐತ್ರಿ ಚಾಚಾ. ಗಾಡ್ಯಾಗ ಏನೂ ಇಲ್ಲ."

ಮೌಲಾಸಾಬ ಅವನ ಕೈಯಿಂದ ಸ್ಕ್ರೂಡ್ರೈವರ್ ತಿರುಗಿ ಇಸಿದುಕೊಂಡ. "ಇಕಾ ಫಕೀರಪ್ಪ, ಇದೊಂದು ಮಾತು ನೆನಪಿಡು. ಸಪ್ಪಳ ಬಂತಂದ್ರ, ಯಾವುದರ ಮ್ಯಾಲೆ ಸಂಶೆ ಐತೋ ಅದನ್ನ ಒಂದೊಂದ ತೆಗೀತಾ ಹೋಗ್ಬೇಕು. ಯಾವುದು ತೆಗೆದಾಗ ಸಪ್ಪಳ ನಿಲ್ಲತೈತೋ, ಅದ ರೋಗ. ತಿಳೀತೇನು?"

"ತಿಳೀತ್ರಿ."

ಈ ಸಲ ಮೌಲಾಸಾಬನಿಗೆ ಧೈರ್ಯ ಬರಲಿಲ್ಲ. ಗುರುವಾರ ಆಟೋ ಹಿಡಿದು ತಾನೇ ದ್ಯಾಮವ್ವನ ಮನೆಗೆ ಬಂದ. ಮೊದಲು ಒರಳನ್ನು ನಿಲ್ಲಿಸಿದ. ಆಮೇಲೆ ಫಕೀರಪ್ಪನನ್ನು ಗಾಡಿಯ ಕೆಳಗೆ ಮಲಗಿಸಿ, ಎಂಜಿನ್ನಿನ ಕಡೆಯಿಂದ ಹಿಂದಿನ ಗಾಲಿಗಳಿಗೆ ಹೋಗುವ ಉದ್ದದ ಶಾಫ್ಟನ್ನು ಕೈಯಿಂದ ಅಲ್ಲಾಡಿಸಲು ಹೇಳಿದ. ಕಟ ಕಟ ಎಂದಿತು. ಶಾಫ್ಟಿನ ಕೀಲು ಸವೆದಿತ್ತು. ಹೊಸ ಕೀಲು ಹಾಕಿಸಿದ. ಗಾಡಿ ಊರು ಸುತ್ತಿ ಬಂತು. ಸಪ್ಪಳವಿಲ್ಲ. ದ್ಯಾಮವ್ವ ಎರಡು ದಿನದ ಮೇಲೆ ಹೊಟ್ಟೆತುಂಬ ಉಂಡಳು. ಫಕೀರಪ್ಪ ಬಚ್ಚಲದ ಕಲ್ಲನ್ನು ಡಿಕ್ಕಿಯಲ್ಲಿ ಹಾಕಿಕೊಂಡ. ಗಾಡಿ ಎಲ್ಲೇ ನಿಲ್ಲಲಿ, ಗಾಲಿಗೆ ಕಲ್ಲು ಎಂದಿದ್ದನಲ್ಲ ಮಿಸ್ತ್ರಿ.

ಶುಕ್ರವಾರ ತಾಯಿ ಮಗ ಹಾನಗಲ್ಲಿಗೆ ಹೊರಟರು. ಹೋಗುವಾಗ ಬೀಗರಿಗೆಂದು ಒಯ್ದ ಬುಟ್ಟಿ, ಗಂಟುಗಳ ನಡುವೆ ಕಲ್ಲು ಬಿಗಿಯಾಗಿ ಕೂತಿತ್ತು. ಬರುವಾಗ ಡಿಕ್ಕಿಯಲ್ಲಿ ಕಲ್ಲೊಂದೇ. ಬಂಕಾಪುರ ಇನ್ನೂ ಹನ್ನೊಂದು ಕಿಲೋಮೀಟರ್ ಇರುವಾಗ ಹಿಂದೆ ಕಟ ಕಟ ಎಂದಿತು.

ಫಕೀರಪ್ಪ ಗಾಡಿ ನಿಲ್ಲಿಸಿದ. ಡಿಕ್ಕಿಯಿಂದ ಕಲ್ಲು ತೆಗೆದು ಗಾಲಿಗೆ ಕೊಟ್ಟ.

"ಅವ್ವಾ, ನೀ ಇಳಿ."

ದ್ಯಾಮವ್ವ ಇಳಿದಳು. ಅವನು ಕಲ್ಲನ್ನು ಮತ್ತೆ ಡಿಕ್ಕಿಗೆ ಹಾಕಿ, ಸ್ವಲ್ಪ ದೂರ ಓಡಿಸಿ, ತಿರುಗಿ ಬಂದ. ಕಟ ಕಟ.

"ನೀ ಅಲ್ಲ," ಎಂದು ತಾಯಿಗೆ ಹೇಳಿದ. ಗಾಲಿಗೆ ಕಲ್ಲು ಕೊಟ್ಟು, ಸೀಟಿನ ಮೇಲಿದ್ದ ನೀಲವ್ವನ ಚೀಲ ಇಳಿಸಿದ. ಕಲ್ಲನ್ನು ಡಿಕ್ಕಿಗೆ ಹಾಕಿ, ಓಡಿಸಿ, ತಿರುಗಿ ಬಂದ. ಕಟ ಕಟ.

"ನೀಲಾ, ಇನ್ನ ನೀನ ಉಳಿದಿ."

"ಅಣ್ಣಾ, ನನಗ ನಿಲ್ಲಾಕ ಆಗೂದಿಲ್ಲೋ. ಕುಂಡ್ರಾಕ ಏನರೆ ಕೊಡು."

ಫಕೀರಪ್ಪನಿಗೆ ತಂಗಿ ಎಂದರೆ ಜೀವ. ಕಲ್ಲನ್ನು ಹೊತ್ತು ತಂದು ಹುಣಸೆಮರದ ನೆರಳಿನಲ್ಲಿ ಇಟ್ಟು, ಮೇಲೆ ತನ್ನ ಟವೆಲ್ ಹಾಸಿದ. ನೀಲವ್ವ ಕೂತಳು.

"ಇದು ನಮ್ಮ ಬಚ್ಚಲದ ಕಲ್ಲಲ್ಲೇನು?" ಎಂದಳು ದ್ಯಾಮವ್ವ. "ಬುಧವಾರದಿಂದ ಹುಡುಕಾಕತ್ತೀನಿ."

ಉತ್ತರಿಸಲು ಫಕೀರಪ್ಪನಿಗೆ ಪುರಸೊತ್ತಿರಲಿಲ್ಲ. ಕಲ್ಲು ತಂಗಿಯ ಕೆಳಗಿತ್ತು, ಹಾಗಾಗಿ ಗಾಡಿ ನಿಲ್ಲುವಂತಿರಲಿಲ್ಲ. ಹೊರಟುಬಿಟ್ಟ. ಕಿವಿಗೊಟ್ಟು ಕೇಳಿದ. ಸಪ್ಪಳ ನಿಂತಿತ್ತು.

ನೇರ ಗ್ಯಾರೇಜಿಗೆ ಬಂದ. ಅಲ್ಲಿಯೂ ನಿಲ್ಲಿಸಲಿಲ್ಲ. ಮೌಲಾಸಾಬನ ಕುರ್ಚಿಯ ಸುತ್ತ ಗಾಡಿಯನ್ನು ನಿಧಾನವಾಗಿ ತಿರುಗಿಸುತ್ತ, ಕಿಟಕಿಯಿಂದ ತಲೆ ಹೊರಹಾಕಿ ಹೇಳಿದ.

"ರೋಗ ಸಿಕ್ತ್ರಿ ಚಾಚಾ. ನಮ್ಮ ನೀಲಾ."

"ನೀಲಾ ಅಂದ್ರ?"

ಇನ್ನೊಂದು ಸುತ್ತು ಬಂದು ಹೇಳಿದ. "ಅವ್ವನ್ನ ತೆಗೆದೆ, ನಿಲ್ಲಲಿಲ್ಲ. ಚೀಲಾ ತೆಗೆದೆ, ನಿಲ್ಲಲಿಲ್ಲ. ನೀಲಾನ್ನ ತೆಗೆದು ಕಲ್ಲಿನ ಮ್ಯಾಲೆ ಕುಂಡ್ರಿಸಿದೆ, ನಿಂತಿತು."

"ಆ ಕಲ್ಲು ಎಲ್ಲಿತ್ತು?"

"ಡಿಕ್ಕ್ಯಾಗ್ರಿ."

ಮೌಲಾಸಾಬ ಕಣ್ಣು ಮುಚ್ಚಿದ. ತೆರೆದಾಗ ಕಾರು ಬೆನ್ನ ಹಿಂದಿತ್ತು. ಅದು ಮುಂದೆ ಬರುವವರೆಗೆ ಕಾದು ಹೇಳಿದ. "ಈಗಿಂದೀಗ ಹೋಗು. ಇಬ್ಬರನ್ನೂ ಹಿಂದ ಕುಂಡ್ರಿಸ್ಕೊಂಡು ಬಾ. ಕಲ್ಲು ಮಾತ್ರ ಹಿಂದ ಇಡಬ್ಯಾಡ."

ಕಲ್ಲು ಮುಂದಿನ ಸೀಟಿನಲ್ಲಿ ಟವೆಲ್ ಮೇಲೆ ಕೂತು ಬಂತು. ತಾಯಿ ಮಗಳು ಹಿಂದೆ ಕೂತು ಬಂದರು. ನೀಲವ್ವ ದಾರಿಯುದ್ದಕ್ಕೂ ನಕ್ಕಳು. ದ್ಯಾಮವ್ವ ಮನೆಯ ಬಾಗಿಲು ಕಾಣುವವರೆಗೆ ಮಗಳ ಕೈ ಬಿಡಲಿಲ್ಲ. ಕಂಡ ಮೇಲೆ ಉಸಿರು ಬಿಟ್ಟಳು.

"ಮುಟ್ಟಿದ್ವಿ, ಸಾಕು. ಮೊದಲ ಆ ಕಲ್ಲು ಬಚ್ಚಲದಾಗ ಇಡು. ಅಲ್ಲಿಂದ ಕದಲಿಸಬ್ಯಾಡ. ಬಾಣಂತಿಗೆ ಬೇಕು."

"ಆತವ್ವ."

ಫಕೀರಪ್ಪ ಕಲ್ಲನ್ನು ಬಚ್ಚಲದಲ್ಲಿ ಇಟ್ಟ. ಇಟ್ಟು ಯೋಚಿಸಿದ. ಕಲ್ಲು ಬಚ್ಚಲದಿಂದ ಕದಲಬಾರದು ಎಂದವಳು ತಾಯಿ. ಗಾಡಿ ಎಲ್ಲೇ ನಿಂತರೂ ಗಾಲಿಗೆ ಕಲ್ಲು ಇರಬೇಕು ಎಂದವನು ಮಿಸ್ತ್ರಿ. ಇಬ್ಬರೂ ಹಿರಿಯರು. ಅವನು ಹಿತ್ತಲಿಗೆ ಹೋಗಿ ಬಚ್ಚಲದ ತಗಡಿನ ಮರೆಯನ್ನು ಒಂದು ಕಡೆ ಬಿಚ್ಚಿದ.

ಮುಂದಿನ ಗುರುವಾರ ನೀಲವ್ವನಿಗೆ ಹೆಣ್ಣುಮಗು ಹುಟ್ಟಿತು. ತೂಕ ಎರಡು ಕಿಲೋ ಒಂಬೈನೂರು ಗ್ರಾಂ. ತಾಯಿ ಮಗು ಆರೋಗ್ಯವಾಗಿದ್ದಾರೆ. ಕಾರಿನ ಮುಂದಿನ ಎಡಗಾಲಿ ಬಚ್ಚಲದಲ್ಲಿ, ಕಲ್ಲಿಗೆ ತಾಗಿ ನಿಂತಿದೆ. ಬಾಣಂತಿಗೆ ನೀರೆರೆಯುವಷ್ಟು ಹೊತ್ತು ಫಕೀರಪ್ಪ ಗಾಡಿಯನ್ನು ಹೊರಗೆ ತೆಗೆದು ಊರು ಸುತ್ತುತ್ತಾನೆ, ಎಲ್ಲಿಯೂ ನಿಲ್ಲಿಸುವುದಿಲ್ಲ. ಸಪ್ಪಳ ಇಲ್ಲ.