ಅಕ್ಕಿಕೋಟೆಯ ಜೋಳದಂಗಡಿ

ಒಂದು ಸೀಮೆಯಲ್ಲಿ ಅಕ್ಕಿಕೋಟೆ ಅಂತ ಒಂದು ರಾಜಧಾನಿ ಇತ್ತಂತೆ, ಮಕ್ಕಳೇ. ಅಲ್ಲಿಯ ಜನ ಬೆಳಿಗ್ಗೆ ಅನ್ನ ಉಣ್ಣುತ್ತಿದ್ದರು, ಮಧ್ಯಾಹ್ನ ಅನ್ನ ಉಣ್ಣುತ್ತಿದ್ದರು, ಬೇಸರವಾದರೆ ಮೊಸರನ್ನ ಉಣ್ಣುತ್ತಿದ್ದರು. ಅವರ ರಾಜ ಪ್ರಸನ್ನಭೂಪತಿ. ಮಹಾ ನ್ಯಾಯವಂತ. ಕೊನೆಯಲ್ಲಿ ಯಾರು ಬಂದು ಮಾತಾಡಿದರೋ ಅವರ ಮಾತೇ ಅವನಿಗೆ ನ್ಯಾಯ. ಊಟವಾದ ಮೇಲೆ ಒಂದು ಚಿಟಿಕೆ ನಶ್ಯ ಏರಿಸಿ, ಗಟ್ಟಿಯಾಗಿ ಸೀನಿ, ಮಲಗಿಬಿಡುತ್ತಿದ್ದ. ಅವನು ಮಲಗಿದ್ದಷ್ಟು ಹೊತ್ತು ರಾಜ್ಯಭಾರ ಬಹಳ ಚೆನ್ನಾಗಿ ನಡೆಯುತ್ತಿತ್ತು.

ಆ ಊರಿಗೆ ಗುರಸಿದ್ದವ್ವ ಎಂಬ ಹೆಂಗಸು ಬಂದಳು. ಬಡಗಣ ಜೋಳದ ಸೀಮೆಯವಳು. ಗಂಡ ಮಲ್ಲೇಶಿ ಕಲ್ಲುಕುಟಿಗ. ಕೆಲಸ ಎಲ್ಲಿ ಸಿಕ್ಕರೆ ಅಲ್ಲಿ ಇವರ ಬಿಡಾರ. ಹೊಸ ಊರಿಗೆ ಕಾಲಿಟ್ಟ ಕೂಡಲೇ ಅವನು ಕಲ್ಲು ನೋಡಲು ಹೋಗುತ್ತಿದ್ದ, ಇವಳು ಚೀಲ ಹಿಡಿದು ಪೇಟೆಗೆ ಜೋಳ ಹುಡುಕಲು ಹೋಗುತ್ತಿದ್ದಳು.

ಮೊದಲು ಅವರು ಹೋದದ್ದು ಸಮುದ್ರದ ದಂಡೆಯ ಪಟ್ಟಣಕ್ಕೆ. ಅಲ್ಲಿಯ ಅಂಗಡಿಯವನು ಜೋಳ ಅಳೆಯುತ್ತಾ, ನಿಮ್ಮಲ್ಲಿ ಕೋಳಿ ಎಷ್ಟಿವೆ ಅಂತ ಕೇಳಿದ. ಎರಡದಾವ, ಒಂದು ನಾನು, ಇನ್ನೊಂದು ನನ್ನ ಗಂಡ ಅಂದಳು ಗುರಸಿದ್ದವ್ವ. ಆಮೇಲೆ ಹೋದದ್ದು ಬೆಟ್ಟದ ಮೇಲಿನ ಪಟ್ಟಣಕ್ಕೆ. ಅಲ್ಲಿ ಜೋಳವಿದ್ದದ್ದು ಔಷಧದ ಅಂಗಡಿಯಲ್ಲಿ, ಸಣ್ಣ ಪೊಟ್ಟಣದಲ್ಲಿ. ಪಂಡಿತರು ಅವಳ ನಾಲಿಗೆ ನೋಡಿ, ಒಂದು ಚಮಚಕ್ಕಿಂತ ಹೆಚ್ಚು ಬೇಡ ಅಂದರು. ಮೂರನೆಯದು ಅಕ್ಕಿಕೋಟೆ. ಅಲ್ಲಿ ಜೋಳ ಅಂದರೆ ಏನೆಂದೇ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಜಾಣ ಮಾತ್ರ ಗೊತ್ತು ಗೊತ್ತು ಅಂತ ಒಳಗೆ ಹೋಗಿ, ಒಂದು ಜೋಳಿಗೆ ತಂದುಕೊಟ್ಟ.

ಆಗ ಅಲ್ಲಿ ರಾಜನ ಕೋಟೆಗೋಡೆ ಏಳುತ್ತಿತ್ತು. ಕಟ್ಟುವವರೆಲ್ಲ ಜೋಳದ ಸೀಮೆಯವರೇ. ಅನ್ನ ಉಂಡು ಉಂಡು ಸೊರಗಿದ್ದರು. ಮಲ್ಲೇಶಿಯಂತೂ ಅರ್ಧ ತಟ್ಟೆಗೇ ಕೈ ತೊಳೆದುಬಿಡುತ್ತಿದ್ದ. ಯಾಕೆ ಅಂತ ಹೆಂಡತಿ ಕೇಳಿದರೆ, "ಹೊಟ್ಟಿ ತುಂಬ್ತದ, ಹಸಿವು ಹೋಗಂಗಿಲ್ಲ" ಅನ್ನುತ್ತಿದ್ದ. ಆ ಮಾತು ಗುರಸಿದ್ದವ್ವನ ಎದೆಗೆ ನಾಟಿತು. ಊರ ಕಡೆಗೆ ಹೊರಟಿದ್ದ ಗಾಡಿಯವನಿಗೆ ಕೈಬಳೆ ಬಿಚ್ಚಿಕೊಟ್ಟು ಜೋಳ, ಶೇಂಗಾ, ಗುರೆಳ್ಳು, ಕೆಂಪು ಮೆಣಸಿನಕಾಯಿ ತರಿಸಿದಳು. ಕೋಟೆಬಾಗಿಲ ಒಳಗೆ ಒಂದು ಚಿಕ್ಕ ಅಂಗಡಿ ಇಟ್ಟಳು. ಮುಂದೆ ಕಾಳುಹಿಟ್ಟು, ಹಿಂದೆ ಒಲೆ.

ಕಲ್ಲುಕುಟಿಗರು ಬಂದರು. ರೊಟ್ಟಿ ಮುರಿದು ಬಾಯಿಗಿಟ್ಟರು. ಒಬ್ಬಿಬ್ಬರ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂತ ಹೇಳಿದರು. ಊರಿನವರೂ ಬಂದರು. ಮೊದಲ ಸಲ ನಗುವುದಕ್ಕೆ ಬಂದರು, ಎರಡನೇ ಸಲ ವಾಸನೆ ನೋಡುವುದಕ್ಕೆ ಬಂದರು, ಮೂರನೇ ಸಲ ಪಾತ್ರೆ ತಂದರು.

ಇದನ್ನು ಪೇಟೆಯ ಯಜಮಾನ ಪಟ್ಟಾಭಿರಾಮಯ್ಯ ನೋಡಿದ. ಊರಿಗೆಲ್ಲ ದೊಡ್ಡ ಅಂಗಡಿ ಅವನದು. ಅವನ ಅಕ್ಕಿಯಲ್ಲಿ ಕಲ್ಲಿರುತ್ತಿತ್ತು. ಹಗಲೆಲ್ಲ ಕಲ್ಲು ಕುಟ್ಟುವವರು ಊಟದಲ್ಲೂ ಒಂದೆರಡು ಕುಟ್ಟಿದರೆ ಏನು ಕಷ್ಟ ಅಂತ ಅವನ ವಾದ. ಈಗ ಅವನ ಅಕ್ಕಿ, ಕಲ್ಲು ಎರಡೂ ಮೂಟೆಯಲ್ಲೇ ಉಳಿದವು.

ಯಜಮಾನ ಅರಮನೆಗೆ ಹೋಗಿ ದೂರು ಕೊಟ್ಟ. ಆ ಹೆಂಗಸು ರೊಟ್ಟಿ ಬಡಿಯುವ ಸದ್ದಿಗೆ ಪ್ರಭುಗಳ ನಿದ್ದೆ ಕೆಡುತ್ತದೆ ಅಂದ. ಅಲ್ಲಿಯವರೆಗೂ ರಾಜನಿಗೆ ನಿದ್ದೆ ಕೆಟ್ಟಿರಲಿಲ್ಲ. ಕೇಳಿದ ಮೇಲೆ ಕೆಟ್ಟಿತು. ಮಧ್ಯಾಹ್ನ ಬಡಿಯಕೂಡದು ಅಂತ ಅಪ್ಪಣೆಯಾಯಿತು. ಗುರಸಿದ್ದವ್ವ ಬೆಳಿಗ್ಗೆಯೇ ಬಡಿದು, ಒಣಗಿಸಿ, ಖಡಕ್ ರೊಟ್ಟಿ ಮಾಡಿ ಮಾರಿದಳು. ಅದು ಇನ್ನೂ ಚೆನ್ನಾಗಿ ಹೋಯಿತು.

ಯಜಮಾನ ಮತ್ತೆ ಹೋದ. ಅವಳ ಬೆಳ್ಳುಳ್ಳಿ ಚಟ್ನಿಯ ವಾಸನೆಗೆ ಬಾಯಲ್ಲಿ ನೀರೂರಿ ಪುರೋಹಿತರಿಗೆ ಮಂತ್ರ ತಪ್ಪುತ್ತಿದೆ ಅಂದ. ಚಟ್ನಿಗೆ ಮುಚ್ಚಳ ಹಾಕಬೇಕು ಅಂತ ಅಪ್ಪಣೆಯಾಯಿತು. ಅವಳು ಮುಚ್ಚಳ ಹಾಕಿದಳು. ಮುಚ್ಚಿಟ್ಟದ್ದು ಏನಿರಬಹುದು ಅಂತ ನೋಡಲು ಪುರೋಹಿತರೇ ಬಂದರು.

ಯಜಮಾನ ಮೂರನೇ ಸಲ ಹೋದ. ಈ ಸಲ ಅಂಗವಸ್ತ್ರದಿಂದ ಕಣ್ಣೊರೆಸಿಕೊಂಡ. ಹೊರಗಿನವರು ಬಂದು ಹೊರಗಿನ ತಿನಿಸು ಮಾರಿದರೆ ನಮ್ಮ ಮಣ್ಣಿನ ಮಾನ ಏನಾಗಬೇಕು ಅಂದ. ಹೊರಗಿನದನ್ನು ಒಳಗೆ ಮಾರಕೂಡದು, ಇಡಕೂಡದು, ತಿನ್ನಕೂಡದು ಅಂತ ಕಾಯ್ದೆ ಆಗಲಿ ಎಂದ. ಮಣ್ಣು ಅಂದ ಕೂಡಲೇ ರಾಜನಿಗೂ ಕಣ್ಣು ತುಂಬಿತು. ಮಣ್ಣಿಗೂ ಅವನಿಗೂ ಅಷ್ಟು ಬಳಕೆ ಇರಲಿಲ್ಲ ಅನ್ನುವುದು ಬೇರೆ ಮಾತು.

ಗುರಸಿದ್ದವ್ವನನ್ನು ಕರೆಸಿದರು. ಅಂಗಡಿ ಹೋದರೆ ಮಲ್ಲೇಶಿ ಮತ್ತೆ ಅರ್ಧ ತಟ್ಟೆಗೆ ಕೈ ತೊಳೆಯುತ್ತಾನೆ. ಇನ್ನೊಂದು ಊರು, ಇನ್ನೊಂದು ಪೇಟೆ, ಮತ್ತೆ ಕೋಳಿ ಎಷ್ಟಿವೆ ಅನ್ನುವ ಮಾತು. ಸೆರಗು ಸರಿಮಾಡಿಕೊಂಡು ನಿಂತಳು.

"ಕಾಯ್ದೆ ಎಲ್ಲಾರಿಗೂ ಒಂದನ ಏನ್ರಿ, ದೊರೀ?" ಅಂತ ಕೇಳಿದಳು.

"ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಒಂದೇ ಕಣಮ್ಮ," ಅಂದ ರಾಜ.

"ಹಂಗಾರ ಹೊರಗ ಅನ್ನೂದು ಎಲ್ಲಿಂದ ಸುರು ಆಗ್ತದ್ರಿ? ಒಂದೀಟು ಹೇಳಿಬಿಟ್ರ ತಪ್ಪು ಆಗಂಗಿಲ್ಲ."

ರಾಜನಿಗೆ ನಶ್ಯದ ಹೊತ್ತಾಗಿತ್ತು. ಕೋಟೆಬಾಗಿಲಿನಿಂದ ಆಚೆಗೆಲ್ಲ ಹೊರಗು ಅಂದುಬಿಟ್ಟ. ಯಜಮಾನ ಹಿಗ್ಗಿ ಹೋಗಿ, ಒಂದು ಕಾಳೂ ಒಳಗೆ ಬರಕೂಡದು ಅಂತ ತಾನೇ ಸೇರಿಸಿ ಡಂಗುರ ಹೊಡೆಸಿದ.

ಗುರಸಿದ್ದವ್ವ ಅಂಗಡಿ ಕಿತ್ತು, ಬಾಗಿಲು ದಾಟಿ, ಹುಣಸೆಮರದ ಕೆಳಗೆ ಒಲೆ ಹೂಡಿದಳು.

ಬಾಗಿಲ ಕಾವಲಿನವರು ಬಹಳ ನಿಯತ್ತಿನವರು. ಯೋಚನೆ ಮಾಡಿ ಅಂತ ಅವರಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಮೊದಲ ದಿನ ಉಪ್ಪಿನ ಗಾಡಿಯನ್ನು ತಡೆದರು, ಒಳಗಿದ್ದ ಉಪ್ಪನ್ನೆಲ್ಲ ಹೊರಗೆ ಸುರಿದರು. ರಾಜ ಸಪ್ಪೆ ಸಾರು ಉಂಡು, ದೇಶಾಭಿಮಾನಕ್ಕೆ ಇಷ್ಟು ಸಾಲದೇ ಅಂದ. ಎರಡನೇ ದಿನ ಇಂಗು, ಮೆಣಸು, ಹುಣಸೆಹಣ್ಣು ಹೋದವು. ಜೊತೆಗೆ ನಶ್ಯವೂ ಹೋಯಿತು. ಹೊಗೆಸೊಪ್ಪು ಊರೊಳಗೆ ಬೆಳೆಯುವುದಲ್ಲವಲ್ಲ. ರಾಜ ಸಿಂಹಾಸನದ ಮೇಲೆ ಮೂಗು ಮೇಲೆತ್ತಿ ಕೂತ, ಸೀನು ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಎಚ್ಚರವಾಗಿದ್ದುಕೊಂಡು ರಾಜ್ಯ ಆಳುವುದು ಎಷ್ಟು ಕಷ್ಟ ಅಂತ ಅವನಿಗೆ ಆವತ್ತು ಗೊತ್ತಾಯಿತು.

ಮೂರನೇ ದಿನ ಅಕ್ಕಿಯೇ ಹೋಯಿತು. ಗದ್ದೆಗಳೆಲ್ಲ ಕೋಟೆಯ ಆಚೆಗಿದ್ದವು ನೋಡಿ. ಯಜಮಾನ ಓಡಿ ಬಂದು, ಅಕ್ಕಿ ನಮ್ಮದಪ್ಪಾ, ಅದು ಹೊರಗಿನದಲ್ಲ ಅಂತ ಕಾವಲಿನವರ ಕೈಕಾಲು ಹಿಡಿದ. ಅವರು ಅವನು ಸಾರಿಸಿದ್ದ ಡಂಗುರವನ್ನೇ ಅವನಿಗೆ ಒಪ್ಪಿಸಿ, ಮೂಟೆಗಳನ್ನು ಹೊತ್ತು ಆಚೆಗಿಟ್ಟರು. ಅವನ ಅಂಗಡಿಯಲ್ಲಿ ಉಳಿದದ್ದು ಕೋಟೆಯೊಳಗಿನ ಮಾಡಿನ ಮೇಲೆ ಬೆಳೆದ ಕುಂಬಳಕಾಯಿ ಮಾತ್ರ. ರಾಜನ ತಟ್ಟೆಗೆ ಬಂದದ್ದೂ ಅದೇ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಶುದ್ಧ ನಾಡಿನ ಊಟ.

ಊರಿನವರು ಮಾತ್ರ ಚೆನ್ನಾಗಿದ್ದರು. ಹಸಿವಾದಾಗ ಬಾಗಿಲು ದಾಟಿ ಹುಣಸೆಮರದ ಕೆಳಗೆ ಹೋಗುತ್ತಿದ್ದರು. ಉಪ್ಪಿನವರು, ಅಕ್ಕಿಯವರು, ಇಂಗಿನವರು ಎಲ್ಲ ಅಲ್ಲೇ ಕೂತಿದ್ದರು. ನಡುವೆ ಗುರಸಿದ್ದವ್ವ ರೊಟ್ಟಿ ಬಡಿಯುತ್ತಿದ್ದಳು. ತಿಂದು ಒಳಗೆ ಬರುವವರ ಹೊಟ್ಟೆಯಲ್ಲಿರುವುದು ಹೊರಗಿನದೇ ಅಲ್ಲವೇ, ತಡೆಯಬೇಕೇ ಅಂತ ಕಾವಲಿನವರು ಯಜಮಾನನನ್ನು ಕೇಳಿದರು. ಅವನು ಹುಣಸೆಮರದ ಕಡೆ ನೋಡಿದ. ಅವನಿಗೂ ಹಸಿವಾಗಿತ್ತು.

ಕೊನೆಗೆ ರಾಜನೇ ಕಿರೀಟ ತೆಗೆದಿಟ್ಟು, ಪಂಚೆ ಎತ್ತಿ ಕಟ್ಟಿ, ಬಾಗಿಲು ದಾಟಿ ಬಂದ. ಜನ ಜಾಗ ಬಿಟ್ಟರು. ಗುರಸಿದ್ದವ್ವ ಬಿಸಿ ರೊಟ್ಟಿ, ಬೆಣ್ಣೆ, ಚಟ್ನಿ ಬಡಿಸಿದಳು. ರಾಜ ಎರಡು ರೊಟ್ಟಿ ತಿಂದ. ಮೂರನೆಯದನ್ನು ಮುರಿಯುತ್ತಾ, ಒಳಗೆ ಬಾರಮ್ಮ, ಹಳೆಯ ಜಾಗದಲ್ಲೇ ಅಂಗಡಿ ಇಡು ಅಂದ.

ನಾನು ಹೊರಗಿನಾಕಿ, ಕಾಯ್ದೆ ಮುರಿಯಾಕ ನನಗ ಬರಂಗಿಲ್ಲ, ಮಾಡಿದವರೇ ಮುರೀಬೇಕು ಅಂದಳು ಅವಳು.

ರಾಜ ಅಲ್ಲೇ ಎಲ್ಲರೆದುರು ಕಾಯ್ದೆಯನ್ನು ರದ್ದು ಮಾಡಿದ. ಹಸಿವಿಗೆ ಅಲ್ಲಿಗೇ ಬಂದು ನಿಂತಿದ್ದ ಯಜಮಾನನೂ ಸಮಾಧಾನದ ಉಸಿರು ಬಿಟ್ಟು ತನ್ನ ಮೂಟೆಗಳ ಕಡೆ ನಡೆದ. ರಾಜ ಅವನ ತೋಳು ಹಿಡಿದು ನಿಲ್ಲಿಸಿದ.

"ಪಟ್ಟಾಭಿರಾಮಯ್ಯನವರೇ, ನಮ್ಮ ಮಣ್ಣಿನ ಮಾನ ಕಾಯುವುದಕ್ಕೆ ಒಂದು ಅಂಗಡಿಯಾದರೂ ಬೇಡವೇ? ನಿಮ್ಮ ಅಂಗಡಿಗೆ ಮಾತ್ರ ಆ ಕಾಯ್ದೆ ಹಾಗೇ ಇರಲಿ."

ಅಂದಿನಿಂದ ಯಜಮಾನ ಕುಂಬಳಕಾಯಿ ಮಾರಿಕೊಂಡು ಇದ್ದ. ಅವನ ಅಕ್ಕಿಯನ್ನು ಕಲ್ಲು ಆರಿಸಿ ಕಲ್ಲುಕುಟಿಗರಿಗೆ ಹಂಚಿದರು. ಸಂಜೆಯಾದರೆ ಅವನೇ ಗುರಸಿದ್ದವ್ವನ ಅಂಗಡಿಯ ಸಾಲಿನಲ್ಲಿ ಪಾತ್ರೆ ಹಿಡಿದು ನಿಲ್ಲುತ್ತಿದ್ದ. ಅವಳು ಎಲ್ಲರಿಗೂ ಕೊಟ್ಟಹಾಗೆ ಅವನಿಗೂ ಕೊಡುತ್ತಿದ್ದಳು, ಒಂದು ಚೂರು ಚಟ್ನಿ ಹೆಚ್ಚಿಗೇ ಹಾಕುತ್ತಿದ್ದಳು. ಆ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬರುವುದನ್ನು ನೋಡುವುದು ಅವಳಿಗೆ ಸ್ವಲ್ಪ ಇಷ್ಟವಾಗಿತ್ತು, ಸುಳ್ಳೇಕೆ ಹೇಳಬೇಕು.

ಇದರ ನೀತಿ ಇಷ್ಟೇ, ಮಕ್ಕಳೇ. ಹೊರಗಿನವರನ್ನು ಆಚೆ ಹಾಕಬೇಕು ಅನ್ನುವವರು ಮೊದಲು ತಮ್ಮ ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡಿಕೊಳ್ಳಲಿ. ಆಮೇಲೂ ಹಟ ಬಿಡದಿದ್ದರೆ ಬಿಡಿ, ಕುಂಬಳಕಾಯಿ ಮೈಗೆ ತಂಪು.